ಜಗಳ ಬಿಡಿಸುವ ತಂಗಿಗೆ



ಪಾಠಕ್ಕಿಂತ ಜಗಳ ಬಿಡಿಸುವುದರಲ್ಲಿಯೇ ದಿನದ ಹೆಚ್ಚಿನ ಭಾಗ ಕಳೆದುಹೋಗುತ್ತಿದೆಯೆಂದೂ, ಎರಡನೆಯ ತರಗತಿಯ ಮಕ್ಕಳು ಬಳಪದ ಒಂದು ಚೂರಿಗಾಗಿ ಒಬ್ಬರ ಕೂದಲನ್ನೊಬ್ಬರು ಹಿಡಿದು ಜಗ್ಗುವಾಗ ಕೈಯಲ್ಲಿ ಬೆತ್ತವಿಲ್ಲದ ಉಪಾಧ್ಯಾಯಿನಿ ಏನು ತಾನೆ ಮಾಡಿಯಾಳೆಂದೂ ನೀನು ಬರೆದಿರುವೆ. ಹೊಸದಾಗಿ ಪ್ರಾಥಮಿಕ ಶಾಲೆಯ ಕೆಲಸಕ್ಕೆ ಬಂದಿರುವ ಇನ್ನೂ ಅನೇಕರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇರುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬೆತ್ತದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸಿದೆ. ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು, ನಾಲ್ವರೆದುರಿಗೆ ಹಂಗಿಸುವುದು ಇವೂ ಅದರೊಳಗೇ ಬರುತ್ತವೆ. ಕಾಯಿದೆ ಇಲ್ಲದಿದ್ದರೂ, ಹೊಡೆದಾಡಬಾರದೆಂಬುದನ್ನು ಹೊಡೆದು ಕಲಿಸಿದಾಗ ಬಲವುಳ್ಳವರು ಹೊಡೆಯಬಹುದೆಂಬ ಪಾಠವೇ ಮಗುವಿನಲ್ಲಿ ಉಳಿಯುತ್ತದೆ.

ಆದರೆ ಬೆತ್ತವನ್ನು ಬಿಟ್ಟ ಮಾತ್ರಕ್ಕೆ ನ್ಯಾಯಾಧೀಶರ ಪೀಠದಿಂದ ಇಳಿದೆವೆಂದಾಗುವುದಿಲ್ಲ. ಜಗಳ ಕಂಡೊಡನೆ ನಮ್ಮ ಬಾಯಿಂದ ತಾನಾಗಿ ಹೊರಡುವ ಮಾತು, “ಯಾರು ಮೊದಲು ಹೊಡೆದದ್ದು?” ಎಂಬುದು, ಅದಕ್ಕೆ ಏಳು ವರ್ಷದ ಮಗು ಕೊಡುವ ಉತ್ತರವಾದರೋ ಅದರ ಮಟ್ಟಿಗೆ ಸತ್ಯವೇ ಆಗಿದ್ದರೂ ನಮ್ಮ ವಿಚಾರಣೆಗೆ ಒದಗತಕ್ಕ ಸಾಕ್ಷ್ಯವಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಮಕ್ಕಳ ನೈತಿಕ ವಿವೇಚನೆಯನ್ನು ಕುರಿತು 1932ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ, ಗೋಲಿಯಾಡುವ ಹುಡುಗರ ನಡುವೆ ಕುಳಿತು ಅವರ ಆಟದ ನಿಯಮಗಳನ್ನು ಕೇಳಿ ತಿಳಿದವರು. ಅವರು ಮಕ್ಕಳ ಮುಂದಿಟ್ಟ ಕಥೆಗಳಲ್ಲೊಂದು ಹೀಗಿದೆ: ಬಾಗಿಲ ಹಿಂದೆ ಬಟ್ಟಲುಗಳಿರುವುದನ್ನು ಅರಿಯದೆ ಬಾಗಿಲು ತೆರೆದ ಹುಡುಗನೊಬ್ಬನಿಂದ 15 ಬಟ್ಟಲುಗಳು ಒಡೆಯುತ್ತವೆ, ತಾಯಿ ಇಲ್ಲದ ವೇಳೆಯಲ್ಲಿ ಕಪಾಟಿನಿಂದ ಜಾಮ್ ಕದಿಯಹೋದ ಇನ್ನೊಬ್ಬನಿಂದ ಒಂದೇ ಒಂದು ಬಟ್ಟಲು ಒಡೆಯುತ್ತದೆ. ಹೆಚ್ಚಿನ ತಪ್ಪು ಯಾರದೆಂದು ಕೇಳಿದರೆ ಚಿಕ್ಕ ಮಕ್ಕಳಲ್ಲಿ ಅನೇಕರು 15 ಒಡೆದವನನ್ನೇ ತೋರಿಸಿದರು. ಉದ್ದೇಶವನ್ನು ತೂಗಿ ನೋಡಿದವರು ಅವರಿಗಿಂತ ದೊಡ್ಡವರು. ಮಾಡಿದವನ ಉದ್ದೇಶವನ್ನು ಸ್ಪಷ್ಟವಾಗಿ ಎದುರಿಗಿಟ್ಟು ತೋರಿಸಿದಲ್ಲಿ ಐದಾರು ವರ್ಷದವರೂ ಅದನ್ನು ಗಣಿಸಬಲ್ಲರೆಂದು ತರುವಾಯದ ಸಂಶೋಧಕರು ಕಂಡುಕೊಂಡಿದ್ದಾರೆ. ಹೀಗೆ ಎದುರಿಗಿಟ್ಟು ತೋರಿಸುವುದೇ ನಮ್ಮ ಕೆಲಸವೆಂದು ನಾನು ನಂಬಿದ್ದೇನೆ.

ನಮ್ಮ ಸರಕಾರಿ ಶಾಲೆಗಳಲ್ಲಿ 2013ರಿಂದ ನಡೆದುಬಂದಿರುವ ಕ್ಷೀರಭಾಗ್ಯದ ಹಾಲಿನ ಸಾಲನ್ನೇ ನೋಡು. ಲೋಟ ಹಿಡಿದ ಮಕ್ಕಳ ಹಿಂದೆ ಯಾವನೋ ಒಬ್ಬನ ಕಾಲು ಜಾರುತ್ತದೆ, ನಡುವಿನವನು ಮುಂದಿನವನ ಮೇಲೆ ಬೀಳುತ್ತಾನೆ, ಬಿಸಿ ಹಾಲು ಅಂಗಿಯ ಮೇಲೆ ಚೆಲ್ಲುತ್ತದೆ, ಮರುಕ್ಷಣದಲ್ಲಿಯೇ ಲೋಟ ಹಿಡಿದ ಕೈ ಹಿಂದಿನವನ ತಲೆಗೆ ಬಡಿಯುತ್ತದೆ. “ಮಿಸ್, ಇವ್ನು ಬೇಕಂತ್ಲೇ ನೂಕ್ದ!” “ಇಲ್ಲ ಮಿಸ್, ನನ್ನನ್ನೇ ಹಿಂದಿನವ್ನು ನೂಕಿದ್ದು!” ಹೊಡೆದವನಿಗೆ ಚೆಲ್ಲಿದ ಹಾಲೇ ದುರುದ್ದೇಶದ ಪುರಾವೆ, ಹೊಡೆಸಿಕೊಂಡವನಿಗೆ ತನ್ನ ನಿರಪರಾಧಿತ್ವವನ್ನು ಹೇಳಿಕೊಳ್ಳಲು ಆ ಗದ್ದಲದಲ್ಲಿ ಭಾಷೆಯೇ ಸಾಲದು.

ಇಂಥ ವೇಳೆಯಲ್ಲಿ ಮೊದಲು ಇಬ್ಬರ ನಡುವೆ ನಿನ್ನ ಮೈಯನ್ನು ತಂದು ನಿಲ್ಲಿಸು, ದನಿಯನ್ನು ಏರಿಸಬೇಡ. ಸುಟ್ಟಿದ್ದರೆ ತಣ್ಣೀರು ಹಾಕುವುದು, ಗಾಯವಾಗಿದ್ದರೆ ತೊಳೆಯುವುದು, ಇವೆಲ್ಲವೂ ವಿಚಾರಣೆಗಿಂತ ಮುಂಚಿನವು. ಸುತ್ತ ನೆರೆದವರನ್ನು ಬೇರೊಂದು ಕೆಲಸಕ್ಕೆ ಕಳುಹಿಸು. ನೋಡುವವರಿದ್ದಷ್ಟು ಹೊತ್ತೂ ಸೋಲನ್ನು ಒಪ್ಪಿಕೊಳ್ಳಲು ಎಂಟು ವರ್ಷದ ಗಂಡುಮಗನಿಗೆ ಸಾಧ್ಯವಿಲ್ಲ. ಕದಡಿದ ನೀರು ತಿಳಿಯಾಗುವವರೆಗೆ ಕಾಯುವಂತೆ, ಇಬ್ಬರ ಉಸಿರೂ ಹದಕ್ಕೆ ಬರುವತನಕ ಏನನ್ನೂ ಕೇಳದೆ ಅವರ ಎತ್ತರಕ್ಕೆ ನೆಲದ ಮೇಲೆ ಕುಳಿತಿರು. ಅನಂತರ “ಯಾಕೆ ಹೊಡೆದೆ?” ಎನ್ನಬೇಡ, ಅದು ಮಗುವಿನ ಕಿವಿಗೆ ಆಪಾದನೆಯಾಗಿಯೇ ಕೇಳಿಸುತ್ತದೆ, “ಏನಾಯಿತು ಹೇಳಪ್ಪ” ಎನ್ನು. ಒಬ್ಬನು ಹೇಳಿ ಮುಗಿಸುವವರೆಗೆ ಮತ್ತೊಬ್ಬನು ಬಾಯಿ ಹಾಕಕೂಡದು. ಮುಗಿದ ಮೇಲೆ, ತಾನು ಕೇಳಿದ್ದನ್ನು ಆ ಮತ್ತೊಬ್ಬನೇ ತಿರುಗಿ ಹೇಳಬೇಕು, ಮೊದಲಿನವನು “ಹೌದು, ಹಾಗೇ” ಎನ್ನುವವರೆಗೆ ಹೇಳಬೇಕು. ಬಳಿಕ ಸರದಿ ಬದಲಾಗಬೇಕು. ಹಿಂದಿನವನು ಜಾರಿದ ಸಂಗತಿ ಹೊಡೆದವನ ಬಾಯಿಂದಲೇ ಹೊರಬಂದಾಗ ಅವನ ಮುಖದಲ್ಲಾಗುವ ಬದಲಾವಣೆಯನ್ನು ನೀನೇ ಕಾಣುವೆ. ಆಮೇಲೆ “ಈಗ ಏನು ಮಾಡೋಣ?” ಎಂದು ಇಬ್ಬರನ್ನೂ ಕೇಳು. ನೆಲ ಒರೆಸುತ್ತೇನೆಂದೋ ನನ್ನ ಹಾಲಿನಲ್ಲಿ ಅರ್ಧ ಕೊಡುತ್ತೇನೆಂದೋ ಅವರೇ ಹೇಳಿದರೆ ಅದನ್ನು ನಡೆಸಿಕೊಡು. ಬಲವಂತದ “ಸಾರಿ” ಮಾತ್ರ ಬೇಡ. ಅದನ್ನು ಹೇಳುವ ಮಗುವಿನ ಕಣ್ಣು ಗೆಳೆಯನ ಮೇಲಿರುವುದಿಲ್ಲ, ನಿನ್ನ ಮೇಲಿರುತ್ತದೆ. ಬೆಳಿಗ್ಗೆ ಠೂ ಬಿಟ್ಟವರು ಸಾಯಂಕಾಲಕ್ಕೆ ತಾವಾಗಿಯೇ ಒಂದಾಗಬಲ್ಲರು.

ಇದಿಷ್ಟಕ್ಕೂ ಮೊದಲ ಕೆಲವು ಸಲ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅದನ್ನು ಪಾಠದ ನಷ್ಟವೆಂದು ಎಣಿಸಬೇಡ.

ಇನ್ನು, ಜಗಳಗಳಲ್ಲಿ ಬಹುಪಾಲು ಮಕ್ಕಳ ಸ್ವಭಾವದಿಂದಲ್ಲ, ತರಗತಿಯ ಏರ್ಪಾಡಿನಿಂದ ಹುಟ್ಟುತ್ತವೆ. ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾವ ವಸ್ತುವಿಗಾಗಿ ಜಗಳವಾಯಿತೆಂದು ಎರಡು ವಾರ ಒಂದು ಪುಸ್ತಕದಲ್ಲಿ ಗುರುತು ಹಾಕಿ ನೋಡು. ಮನೆಯಲ್ಲಿ ತಿಂಡಿಯಿಲ್ಲದೆ ಬಂದ ಮಗುವಿನ ಹೆಸರು ಮಧ್ಯಾಹ್ನದ ಊಟಕ್ಕೆ ಮುಂಚಿನ ಅವಧಿಯಲ್ಲಿಯೇ ಮತ್ತೆ ಮತ್ತೆ ಕಾಣಿಸಬಹುದು. ಮಾರಿಯಾ ಮಾಂಟೆಸ್ಸೊರಿಯವರು 1907ರಲ್ಲಿ ರೋಮಿನಲ್ಲಿ ಆರಂಭಿಸಿದ ಶಿಶುಗೃಹದ ಪದ್ಧತಿಯಲ್ಲಿ ಪ್ರತಿಯೊಂದು ಸಾಧನವೂ ಒಂದೊಂದೇ ಇರತಕ್ಕದ್ದು. ಅದು ಬೇಕಾದ ಮಗು, ಇನ್ನೊಂದು ಮಗು ಅದನ್ನು ಸ್ವಸ್ಥಾನದಲ್ಲಿ ತಂದಿರಿಸುವವರೆಗೆ ಕಾಯಬೇಕು. ಅಲ್ಲಿ ಕಾಯುವುದು ಸಾಧ್ಯವಾಗುವುದು ಸರದಿ ಬಂದೇ ಬರುವುದೆಂಬ ಭರವಸೆಯಿಂದ. ನಿನ್ನ ನಲಿ-ಕಲಿ ಕೊಠಡಿಯಲ್ಲಿ ಬಣ್ಣದ ಪೆನ್ಸಿಲುಗಳು ಸಾಲದಿದ್ದರೆ ಸರದಿಯನ್ನು ಎಲ್ಲರಿಗೂ ಕಾಣುವಂತೆ ಬರೆದು ತೂಗುಹಾಕು. ಇಂದು ಸಾಲಿನ ಕೊನೆಯಲ್ಲಿದ್ದ ಗುಂಪು ನಾಳೆ ಮೊದಲಾಗಲಿ. ಗಲಾಟೆ ಮಾಡಿದವರ ಹೆಸರನ್ನು ಮಾನಿಟರನ ಕೈಯಲ್ಲಿ ಹಲಗೆಯ ಮೇಲೆ ಬರೆಯಿಸುವ ಪದ್ಧತಿಯನ್ನಂತೂ ಈ ವಾರವೇ ಬಿಟ್ಟುಬಿಡು. ಅಲ್ಲಿ ಬರೆದ ಹೆಸರಿನ ಲೆಕ್ಕ ತೀರುವುದು ಶಾಲೆ ಬಿಟ್ಟ ಮೇಲೆ ರಸ್ತೆಯಲ್ಲಿ.

ಒಂದು ಎಚ್ಚರ. ಒಂದೇ ಮಗುವನ್ನು ದಿನದಿನವೂ ಹಲವರು ಕಾಡುತ್ತಿದ್ದರೆ, ಅಥವಾ ಜಾತಿಯನ್ನೋ ಮೈಬಣ್ಣವನ್ನೋ ತೊದಲುಮಾತನ್ನೋ ಹಿಡಿದು ಹೀಯಾಳಿಸುತ್ತಿದ್ದರೆ, ಅದು ಜಗಳವಲ್ಲ, ಪೀಡನೆ. ಅಲ್ಲಿ ಇಬ್ಬರನ್ನೂ ಸಮಾನವಾಗಿ ಕೂರಿಸಿ ರಾಜಿ ಮಾಡಿಸುವುದು ನೊಂದ ಮಗುವಿಗೆ ಎರಡನೆಯ ಅನ್ಯಾಯ. ಈ ಕೊಠಡಿಯಲ್ಲಿ ಈ ಮಾತು ಸಲ್ಲದೆಂದು ಒಡನೆಯೇ, ಎಲ್ಲರೂ ಕೇಳುವಂತೆ, ಸ್ಪಷ್ಟವಾಗಿ ಹೇಳು. ನೊಂದ ಮಗುವಿನ ಮಾತನ್ನು ಏಕಾಂತದಲ್ಲಿ ಕೇಳು, ಮುಖ್ಯೋಪಾಧ್ಯಾಯರಿಗೆ ತಿಳಿಸು. ಅಂಥ ಮಾತು ಬಹುಮಟ್ಟಿಗೆ ಮನೆಯಿಂದ ಬಂದದ್ದಾಗಿರುವುದರಿಂದ, ಆಡಿದ ಮಗುವಿನ ಮನೆಯವರೊಡನೆಯೂ ಸಂಕೋಚವಿಲ್ಲದೆ ಮಾತನಾಡು.

ಹಿರಿಯರ ವಿಷಯವೂ ಹೇಳಬೇಕು. ಪೆಟ್ಟಾದ ದಿನ ಸಾಯಂಕಾಲದೊಳಗೆ ನೀನೇ ಮನೆಗೆ ಸುದ್ದಿ ಮುಟ್ಟಿಸು, ಮಗುವಿನ ಅಳುವಿನ ಮೂಲಕ ಮೊದಲು ತಿಳಿದರೆ ಮರುದಿನ ಬೆಳಿಗ್ಗೆ “ಯಾವನೋ ಅವ್ನು ನನ್ನ ಮಗನ್ನ ಹೊಡ್ದೋನು?” ಎಂದು ತಂದೆ ಗೇಟಿನ ಬಳಿ ಬಂದು ನಿಲ್ಲುವುದುಂಟು. ಆಗಲೂ ಬೇರೆಯವರ ಮಗುವನ್ನು ಅವರ ಮುಂದೆ ಕರೆತಂದು ನಿಲ್ಲಿಸಬೇಡ. ಅವರನ್ನು ಆಫೀಸು ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದ ಮೇಲೆ, ಮಕ್ಕಳಿಬ್ಬರೂ ಸೇರಿ ಏನು ತೀರ್ಮಾನ ಮಾಡಿಕೊಂಡರೆಂಬುದನ್ನು ಹೇಳು.

ನಿನ್ನ ಎರಡು ವಾರದ ಪುಸ್ತಕ ಮುಗಿದ ಮೇಲೆ ಕಾಗದ ಬರೆ.

ಇತಿ,
ನಿನ್ನ ಶ್ರೇಯೋಭಿಲಾಷಿ