ಶೀಶೆಯಲ್ಲಿ ಹುಗಿದಿಟ್ಟ ಹೆಸರುಗಳು



ಜ್ಞಾನಸ್ನಾನದ ದಿನ ಗುರುಗಳು ದೇವಾಲಯದ ಬಾಗಿಲಲ್ಲೇ ನಿಂತು ತಂದೆತಾಯಿಯರನ್ನು ಕೇಳುವ ಮೊದಲ ಪ್ರಶ್ನೆ ನಿಮಗೆ ನೆನಪಿದೆಯೇ? ಮಗುವಿಗೆ ಏನು ಹೆಸರಿಡುತ್ತೀರಿ ಎಂಬುದೇ ಆ ಪ್ರಶ್ನೆ. ಹೆಸರೆಂದರೆ ಕೂಗಿ ಕರೆಯಲು ಬೇಕಾದ ಶಬ್ದ ಮಾತ್ರವಲ್ಲ. ಈ ಮಗು ಯಾರದು, ಯಾವ ಮನೆಯದು ಎಂಬುದನ್ನು ಅದು ಹೇಳುತ್ತದೆ. ದೇವರು ನಮ್ಮನ್ನು ಹೆಸರು ಹಿಡಿದು ಕರೆಯುವವರೆಂದು ಪ್ರವಾದಿ ಯೆಶಾಯ ನಮಗೆ ಕಲಿಸಿದ್ದಾನೆ. ಮಕ್ಕಳ ಪ್ರಾಣದೊಂದಿಗೆ ಅವರ ಹೆಸರುಗಳನ್ನೂ ಉಳಿಸಿದ ಒಬ್ಬ ಸಮಾಜಸೇವಕಿಯ ಬದುಕನ್ನು ಈ ವಾರ ಧ್ಯಾನಿಸೋಣ.

ತಂದೆಯ ಪಾಠ

ಇರೆನಾ ಸೆಂಡ್ಲರ್ ಹುಟ್ಟಿದ್ದು ಪೋಲೆಂಡ್ ದೇಶದಲ್ಲಿ, 1910ರ ಫೆಬ್ರವರಿ 15ರಂದು. ತಂದೆ ವೈದ್ಯರು. ಬಡ ಯೆಹೂದ್ಯರಿಗೂ ಅವರ ಮನೆಬಾಗಿಲು ತೆರೆದಿತ್ತು. ಟೈಫಸ್ ಜ್ವರ ಹರಡಿದಾಗ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ 1917ರಲ್ಲಿ ತೀರಿಕೊಂಡರು. ಆಗ ಇರೆನಾಗೆ ಏಳರ ಪ್ರಾಯ. ನೀರಿನಲ್ಲಿ ಮುಳುಗುತ್ತಿರುವವರನ್ನು ಕಂಡರೆ, ನಿನಗೆ ಈಜು ಬರಲಿ ಬಾರದಿರಲಿ, ಕೈಚಾಚಲೇಬೇಕು ಎಂಬುದು ತಂದೆ ಬಿಟ್ಟುಹೋದ ಪಾಠವೆಂದು ಆಕೆ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು.

ವಿಶ್ವವಿದ್ಯಾನಿಲಯದಲ್ಲಿ ಯೆಹೂದಿ ವಿದ್ಯಾರ್ಥಿಗಳನ್ನು ಬೇರೆ ಬೆಂಚಿನಲ್ಲಿ ಕೂರಿಸುವ ಪದ್ಧತಿಯನ್ನು ಪ್ರತಿಭಟಿಸಿ ಇರೆನಾ ಶಿಕ್ಷೆಗೊಳಗಾದರು. ಅವಿವಾಹಿತ ತಾಯಂದಿರಿಗೂ ಬಡ ಕುಟುಂಬಗಳಿಗೂ ನೆರವಾಗುವ ಕೆಲಸ ಹಿಡಿದರು. ಬಳಿಕ ವಾರ್ಸಾ ನಗರಾಡಳಿತದ ಸಮಾಜ ಕಲ್ಯಾಣ ಇಲಾಖೆ ಸೇರಿದರು. ಮನೆಮನೆಗೆ ಹೋಗುವುದು, ಕಷ್ಟ ಕೇಳುವುದು, ಅರ್ಜಿ ಬರೆಯುವುದು ಆಕೆಯ ದಿನನಿತ್ಯದ ಕಸುಬಾಗಿತ್ತು. ಮುಂದೆ ಸಾವಿರಾರು ಮಕ್ಕಳ ಪ್ರಾಣ ಉಳಿಸಲು ಬಳಕೆಗೆ ಬಂದದ್ದು ಇದೇ ಕಸುಬು.

ಗೋಡೆಯ ಒಳಗೆ

1939ರಲ್ಲಿ ನಾಜಿ ಜರ್ಮನಿ ಪೋಲೆಂಡನ್ನು ಆಕ್ರಮಿಸಿತು. 1940ರ ನವೆಂಬರಿನಲ್ಲಿ ವಾರ್ಸಾದ ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದ್ಯರನ್ನು ಎತ್ತರದ ಗೋಡೆಯೊಳಗೆ ಕೂಡಿಹಾಕಲಾಯಿತು. ಹಸಿವು, ಟೈಫಸ್. ರೋಗ ಹೊರಗೆ ಹರಡೀತೆಂಬ ಭಯದಿಂದ ಜರ್ಮನರು ಆರೋಗ್ಯ ಸಿಬ್ಬಂದಿಗೆ ಒಳಹೋಗುವ ಪಾಸು ಕೊಡುತ್ತಿದ್ದರು. ಇರೆನಾ ಆ ಪಾಸು ಪಡೆದು ಆಹಾರ, ಔಷಧಿ, ಬಟ್ಟೆ ಸಾಗಿಸಿದರು. ಒಳಗಿರುವಾಗ ತಾವೂ ಯೆಹೂದ್ಯರ ನಕ್ಷತ್ರದ ತೋಳಪಟ್ಟಿ ಕಟ್ಟಿಕೊಳ್ಳುತ್ತಿದ್ದರು.

1942ರ ಬೇಸಿಗೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ರೈಲಿನಲ್ಲಿ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಇನ್ನು ಉಳಿದದ್ದು ಒಂದೇ ದಾರಿ, ಮಕ್ಕಳನ್ನು ಹೊರಗೆ ತರುವುದು. ಆಂಬುಲೆನ್ಸಿನಲ್ಲಿ, ಪೆಟ್ಟಿಗೆಗಳಲ್ಲಿ, ಚರಂಡಿಯ ಸುರಂಗದಲ್ಲಿ, ಎರಡೂ ಕಡೆ ಬಾಗಿಲಿದ್ದ ನ್ಯಾಯಾಲಯದ ಕಟ್ಟಡದ ಮೂಲಕ ಮಕ್ಕಳು ಹೊರಬಂದರು. ಆರು ತಿಂಗಳ ಒಂದು ಹಸುಗೂಸು ಮರದ ಪೆಟ್ಟಿಗೆಯಲ್ಲಿ ಇಟ್ಟಿಗೆಗಳ ನಡುವೆ ಬಂತು. ಹೆಸರೂ ಹುಟ್ಟಿದ ದಿನವೂ ಕೆತ್ತಿದ್ದ ಬೆಳ್ಳಿಯ ಚಮಚವೊಂದು ಅದರ ಜೊತೆಗಿತ್ತು. ತಂದೆತಾಯಿಯರಿಂದ ಅದಕ್ಕೆ ಉಳಿದದ್ದು ಅಷ್ಟೇ.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. "ನನ್ನ ಮಗು ಬದುಕುತ್ತದೆಂದು ಖಾತ್ರಿ ಕೊಡುತ್ತೀರಾ?" ಎಂದು ತಾಯಂದಿರು ಕೇಳುತ್ತಿದ್ದರು. ಇರೆನಾ ಸುಳ್ಳು ಹೇಳಲಿಲ್ಲ. ಖಾತ್ರಿ ಕೊಡಲಾರೆ ಎನ್ನುತ್ತಿದ್ದರು. ಕೆಲವರು ಕೊಟ್ಟರು, ಕೆಲವರಿಗೆ ಮನಸ್ಸು ಬಾರಲಿಲ್ಲ. ಮರುದಿನ ಹೋದರೆ ಆ ಮನೆಯವರನ್ನೆಲ್ಲ ರೈಲಿಗೆ ಹತ್ತಿಸಿಯಾಗಿರುತ್ತಿತ್ತು. ನೈಲ್ ನದಿಯ ದಂಡೆಯಲ್ಲಿ ಜಂಬುಬುಟ್ಟಿಯನ್ನು ಕೈಬಿಟ್ಟ ಮೋಶೆಯ ತಾಯಿಯ ಸಂಕಟ ಇದಲ್ಲವೇ?

ಯಾರ ಮಗು?

ಯೆಹೂದ್ಯರಿಗೆ ನೆರವಾದವರಿಗೆ ಮರಣದಂಡನೆ ಎಂಬ ಆಜ್ಞೆಯಿತ್ತು. ಆದರೂ ಇರೆನಾ ಒಂಟಿಯಾಗಿರಲಿಲ್ಲ. ಇಲಾಖೆಯ ಗೆಳತಿಯರಿದ್ದರು, 1942ರ ಡಿಸೆಂಬರಿನಲ್ಲಿ ಹುಟ್ಟಿದ 'ಝೆಗೋಟಾ' ಎಂಬ ಗುಪ್ತ ಸಂಘಟನೆಯಿತ್ತು. ಆಕೆ ಅದರ ಮಕ್ಕಳ ವಿಭಾಗದ ಮುಖ್ಯಸ್ಥೆಯಾದರು. ಮದರ್ ಮಟಿಲ್ಡಾ ಗೆಟ್ಟರ್ ಅವರ ಫ್ರಾನ್ಸಿಸ್ಕನ್ ಸಹೋದರಿಯರು ತಮ್ಮ ಅನಾಥಾಲಯಗಳಲ್ಲಿ ಮಕ್ಕಳನ್ನು ಬಚ್ಚಿಟ್ಟರು. ಗುರುಗಳು ಜ್ಞಾನಸ್ನಾನದ ಪ್ರಮಾಣಪತ್ರ ಒದಗಿಸಿದರು. ಸೈನಿಕರು ಪರೀಕ್ಷಿಸಿದರೆ ಸಿಕ್ಕಿಬೀಳದಿರಲೆಂದು ಪುಟಾಣಿಗಳಿಗೆ ಪರಲೋಕ ಮಂತ್ರ ಬಾಯಿಪಾಠ ಮಾಡಿಸಿದರು.

ಇಲ್ಲಿ ನಮ್ಮಂಥ ವಿಶ್ವಾಸಿಗಳಿಗೆ ಒಂದು ಪ್ರಶ್ನೆ ಏಳಬಹುದು. ಮಗುವಿಗೆ ಕ್ರೈಸ್ತ ಹೆಸರು ಕೊಟ್ಟಾಯಿತು, ಜಪ ಕಲಿಸಿಯಾಯಿತು. ಇನ್ನು ಅದು ನಮ್ಮದೇ ಅಲ್ಲವೇ? ಅಲ್ಲ ಎಂಬುದೇ ಇರೆನಾ ಕೊಟ್ಟ ಉತ್ತರ. ಪ್ರತಿ ಮಗುವಿನ ನಿಜ ಹೆಸರನ್ನೂ ಹೊಸ ಹೆಸರನ್ನೂ ಇರುವ ಸ್ಥಳವನ್ನೂ ತೆಳು ಕಾಗದದ ಚೀಟಿಗಳಲ್ಲಿ ಬರೆದಿಟ್ಟರು. ಯುದ್ಧ ಮುಗಿದ ಮೇಲೆ ಮಕ್ಕಳು ತಮ್ಮವರನ್ನು ಸೇರಬೇಕೆಂಬುದು ಉದ್ದೇಶ. ಆ ಚೀಟಿಗಳು ಶೀಶೆ ಸೇರಿ ಗೆಳತಿಯೊಬ್ಬರ ತೋಟದ ಸೇಬಿನ ಮರದಡಿ ಹುಗಿಯಲ್ಪಟ್ಟವು.

ನಮ್ಮ ಧರ್ಮಸಭೆಯ ಹಳೆಯ ಬೋಧನೆಯೂ ಇದಕ್ಕೆ ಹೊರತಲ್ಲ. ಯೆಹೂದ್ಯರ ಮಕ್ಕಳಿಗೆ ತಂದೆತಾಯಿಯರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಕೊಡುವುದು ಸಹಜ ನ್ಯಾಯಕ್ಕೇ ವಿರುದ್ಧವೆಂದು ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಬರೆದಿದ್ದಾರೆ. ಕೃಪೆಯು ಸ್ವಭಾವವನ್ನು ಪೂರ್ಣಗೊಳಿಸುತ್ತದೆಯೇ ಹೊರತು ಕೆಡವುವುದಿಲ್ಲ. ಪ್ರೀತಿಯ ಹೆಸರಿನಲ್ಲಿಯೂ ನಾವು ಮಗುವನ್ನು ಸ್ವಂತ ಆಸ್ತಿ ಮಾಡಿಕೊಳ್ಳುವಂತಿಲ್ಲ.

1943ರ ಅಕ್ಟೋಬರಿನಲ್ಲಿ ಗೆಸ್ಟಾಪೊ ಪೊಲೀಸರು ಇರೆನಾರನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟರು. ಆಕೆ ಒಂದು ಹೆಸರನ್ನೂ ಬಿಟ್ಟುಕೊಡಲಿಲ್ಲ. ಮರಣದಂಡನೆಯಾಯಿತು. ಗೆಳೆಯರು ಲಂಚ ಕೊಟ್ಟು ಬಿಡಿಸಿದ ಮೇಲೆ ಸುಳ್ಳು ಹೆಸರಿನಲ್ಲಿ ಅಡಗಿದ್ದು ಮತ್ತೆ ಅದೇ ಕೆಲಸಕ್ಕಿಳಿದರು. ಆಕೆ ಮತ್ತು ಸಂಗಡಿಗರು ಉಳಿಸಿದ ಮಕ್ಕಳು ಸುಮಾರು 2,500 ಎನ್ನಲಾಗುತ್ತದೆ. ಯುದ್ಧಾನಂತರ ಪಟ್ಟಿಯನ್ನು ಯೆಹೂದಿ ಸಮಿತಿಗೆ ಒಪ್ಪಿಸಿದರು. ಆದರೆ ಹೆಚ್ಚಿನ ತಂದೆತಾಯಿಯರು ಮರಳಿ ಬರಲಿಲ್ಲ.

ಬಹುಕಾಲ ಜಗತ್ತು ಆಕೆಯನ್ನು ಹೆಚ್ಚಾಗಿ ಅರಿಯಲಿಲ್ಲ. 1965ರಲ್ಲಿ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಗೌರವಿಸಿತು. 1999ರಲ್ಲಿ ಅಮೆರಿಕದ ಕಾನ್ಸಾಸಿನ ಶಾಲಾ ಬಾಲಕಿಯರು ಆಕೆಯ ಬಗ್ಗೆ ನಾಟಕ ಕಟ್ಟಿದರು. 2003ರಲ್ಲಿ ವಿಶ್ವಗುರು ಎರಡನೆಯ ಜಾನ್ ಪೌಲರು ಪತ್ರ ಬರೆದು ಶ್ಲಾಘಿಸಿದರು. ಇನ್ನೂ ಹೆಚ್ಚು ಮಾಡಬಹುದಿತ್ತು ಎಂಬ ಕೊರಗಿನಲ್ಲೇ 2008ರ ಮೇ 12ರಂದು, 98ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ನಮ್ಮ ಮನೆಯಲ್ಲಿ

ನಾಜಿಗಳ ಕಾಲ ಮುಗಿಯಿತೆಂದು ನಿಟ್ಟುಸಿರು ಬಿಡುವ ಮುನ್ನ ನಮ್ಮ ಮನೆಯ ಅಡುಗೆಕೋಣೆಯತ್ತ ನೋಡೋಣ. "ಓದಿಸುತ್ತೇವೆ, ಸಾಕುತ್ತೇವೆ" ಎಂದು ಬಡವರ ಮಗಳನ್ನು ಕರೆತಂದು ಪಾತ್ರೆ ತೊಳೆಯಲು ಹಚ್ಚಿದವರು ನಮ್ಮಲ್ಲಿಲ್ಲವೇ? ಅವಳ ಹೆಸರು ಉದ್ದವಾಯಿತೆಂದು ಬೇರೆ ಹೆಸರಿನಿಂದ ಕರೆದವರಿಲ್ಲವೇ? ಅದು ದಾನವಲ್ಲ, ಅಪರಾಧ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೀಗೆ ದುಡಿಸುವುದನ್ನು ಕಾನೂನು ನಿಷೇಧಿಸಿದೆ. ತಬ್ಬಲಿ ಮಗುವನ್ನು ಕಂಡರೆ ಗುಟ್ಟಾಗಿ ಯಾರ ಮಡಿಲಿಗೋ ಹಾಕಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆ ಮಗುವಿನ ಬೇರು ದಾಖಲಾಗಲಿ.

ಕುಟುಂಬ ಚಿಂತನೆಗೆ

1. ನಮ್ಮ ಮನೆಗೆ ಕೆಲಸಕ್ಕೆ ಬರುವವರ ಮಕ್ಕಳ ಹೆಸರು ನಮಗೆ ಗೊತ್ತೇ?

2. ಮಕ್ಕಳು ದೇವರು ಒಪ್ಪಿಸಿದ ನಿಧಿಯೋ, ನಮ್ಮ ಆಸೆ ಪೂರೈಸುವ ಸಾಧನವೋ?

3. ವಿಮೋಚನಾಕಾಂಡ 2ನೇ ಅಧ್ಯಾಯದ ಮೊದಲ ಹತ್ತು ವಚನಗಳನ್ನು ಒಟ್ಟಾಗಿ ಓದಿ. ಫರೋಹನ ಮಗಳಿಂದ ನಾವು ಕಲಿಯುವುದೇನು?

ಪ್ರಾರ್ಥಿಸೋಣ: ಮಕ್ಕಳನ್ನು ಅಪ್ಪಿಕೊಂಡ ಯೇಸುವೇ, ನಮ್ಮ ಕೈಗೆ ಬಂದ ಪ್ರತಿ ಮಗುವನ್ನೂ ಅದರ ಹೆಸರಿನೊಂದಿಗೆ, ಅದರ ತಾಯಿಯ ಕಣ್ಣೀರಿನೊಂದಿಗೆ ಸ್ವೀಕರಿಸುವ ಮನಸ್ಸನ್ನು ನಮಗೆ ಕೊಡಿ. ಆಮೆನ್.