ಕೊಯ್ಲಿನ ದಿನಕ್ಕೆ ಅತಿಥಿಯನ್ನು ಕರೆಯಿರಿ

ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ಅಡಿಕೆ ಬೆಳೆಗಾರರು ಪ್ರವಾಸಿಗರನ್ನು ತೋಟಕ್ಕೆ ಕರೆಸುವ ಯೋಚನೆ ಮಾಡಿದಾಗ ಮೊದಲು ಕೇಳುವುದು ‘ಎಷ್ಟು ಕೋಣೆ ಕಟ್ಟಬೇಕು?’ ಎಂದು. ಕೋಣೆಯ ಮಾತು ಸದ್ಯಕ್ಕೆ ಬದಿಗಿರಲಿ. ಬೆಳಿಗ್ಗೆ ಬಂದು, ತೋಟ ನೋಡಿ, ಉಂಡು ಸಂಜೆ ಹೊರಡುವವರಿಂದ ಶುರು ಮಾಡಿ. ಅದಕ್ಕೆ ಬೇಕಾದದ್ದು ಚೊಕ್ಕವಾದ ಒಂದು ಶೌಚಾಲಯ, ಕೂರಲು ಜಗಲಿ, ಜೊತೆಗೆ ಆ ದಿನ ತೋಟದಲ್ಲಿ ನಿಜವಾಗಿ ನಡೆಯುತ್ತಿರುವ ಒಂದು ಕೆಲಸ. ಹೆಚ್ಚಿನವರು ಮರೆಯುವುದು ಈ ಕೊನೆಯದನ್ನೇ. ಖಾಲಿ ತೋಟದಲ್ಲಿ ಸುತ್ತಾಡಿಸಿ ‘ಇದು ಅಡಿಕೆ ಮರ, ಇದು ಮೆಣಸಿನ ಬಳ್ಳಿ’ ಎಂದು ತೋರಿಸಿದರೆ ಅರ್ಧ ಗಂಟೆಯಲ್ಲಿ ಅವರ ಕೈ ಮೊಬೈಲಿಗೆ ಹೋಗುತ್ತದೆ.

ಇಟಲಿ ದೇಶ ಕೃಷಿ ಪ್ರವಾಸಕ್ಕೆಂದೇ 1985ರಲ್ಲಿ ಕಾನೂನು ಮಾಡಿತು. ಅತಿಥಿ ಸತ್ಕಾರ ಕೃಷಿಗೆ ಪೂರಕವಾಗಿರಬೇಕು, ಬೇಸಾಯವೇ ಮುಖ್ಯ ಕಸುಬಾಗಿ ಉಳಿಯಬೇಕು ಎಂಬುದು ಅದರ ತಿರುಳು. ನಮ್ಮಲ್ಲಿ ಅಂಥ ಕಟ್ಟಳೆ ಇರಲಿ ಬಿಡಲಿ, ಆ ಲೆಕ್ಕಾಚಾರ ನಮಗೂ ಸರಿಹೊಂದುತ್ತದೆ. ಅತಿಥಿಗಾಗಿ ಕೊಯ್ಲು ಮುಂದೂಡಬೇಡಿ, ಕೊಯ್ಲಿನ ದಿನಕ್ಕೆ ಅತಿಥಿಯನ್ನು ಕರೆಯಿರಿ.

ಇಲ್ಲೊಂದು ತೊಡಕಿದೆ. ಜೋಗಕ್ಕೆ ಜನ ಮುಗಿಬೀಳುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಆಗ ತೋಟದಲ್ಲಿ ಕೊಳೆ ಔಷಧಿಯ ಗಡಿಬಿಡಿ, ಕಾಲಿಗೆ ಇಂಬಳ, ಜಾರುವ ಸಂಕ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅಲ್ಲಿಂದ 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ಹೊಡೆಯುವ ಮನೆಯವರಿಗೆ ಹೊಳವಾದ ದಿನ ಎಷ್ಟು ಅಮೂಲ್ಯ ಎಂದು ಬೇರೆ ಹೇಳಬೇಕಿಲ್ಲ. ಔಷಧಿ ಹೊಡೆಯುವ ದಿನ ಹೊರಗಿನವರು ತೋಟಕ್ಕೆ ಕಾಲಿಡಕೂಡದು. ಹಾಗಾಗಿ ಮಳೆಗಾಲದಲ್ಲಿ ತೋಟ ಬಿಡಿ, ಅಡುಗೆಮನೆ ತೆರೆಯಿರಿ. ತೋಟ ತೋರಿಸುವ ಕಾಲ ನವೆಂಬರ್‌ನಿಂದ ಮಾರ್ಚ್. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಚೊಗರು ಕಾಯಿಸುವುದು, ಅಟ್ಟದ ಮೇಲೆ ಒಣಗಿಸುವುದು, ಫೆಬ್ರುವರಿಯ ಹೊತ್ತಿಗೆ ಮೆಣಸಿನ ಕೊಯ್ಲು, ಅಪ್ಪೆಮಿಡಿ. ನೋಡಲು ಇವೇ ಸಾಕಷ್ಟಿವೆ. ಕೊನೆಗೌಡ ಮರ ಏರಿದಾಗ ಅತಿಥಿಗಳು ಮರದ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಕೊನೆಗೌಡನ ಫೋಟೊ ತೆಗೆಯುವ ಮುನ್ನ ಅವನನ್ನೇ ಕೇಳಲಿ. ಅತಿಥಿಗಳಿಗಾಗಿ ಹೆಚ್ಚು ಹೊತ್ತು ಕೊಟ್ಟರೆ ಆ ಹೊತ್ತಿಗೂ ಕೂಲಿ ಸೇರಬೇಕು.

ಇಡೀ ವರ್ಷದಲ್ಲಿ ಒಂದೇ ಒಂದು ಕಾರ್ಯಕ್ರಮ ಮಾಡುವುದಾದರೆ ಅದು ಆಲೆಮನೆಯೇ ಆಗಲಿ. ಜನವರಿಯಿಂದ ಮಾರ್ಚ್‌ವರೆಗೆ ಗಾಣ ಕಟ್ಟಿದ ಮನೆಗೆ ನಾವೇ ಕರೆಯದಿದ್ದರೂ ಹೋಗುತ್ತೇವೆ. ಹೊರಗಿನವರಿಗೆ ಅದರ ರುಚಿ ಬೇರೆ ವಿವರಿಸಬೇಕೆ? ಶುಂಠಿ, ಲಿಂಬೆ ಹಾಕಿದ ಕಬ್ಬಿನ ಹಾಲು, ಜೊತೆಗೆ ಖಾರ ಮಂಡಕ್ಕಿ. ಕೊಪ್ಪರಿಗೆಯಲ್ಲಿ ಹಾಲು ಕುದಿದು ನೊರೆ ಏಳುವುದು, ಕೊಳೆ ತೆಗೆಯುವುದು, ಹದ ನೋಡುವುದು, ಇವನ್ನು ಹಂತ ಹಂತವಾಗಿ ವಿವರಿಸುವವರು ಒಬ್ಬರು ಬೇಕು. ಜೋನಿಬೆಲ್ಲದ ಹದ ಸುಮಾರು 105–106 ಡಿಗ್ರಿ ಸೆಲ್ಸಿಯಸ್, ಅಚ್ಚುಬೆಲ್ಲಕ್ಕೆ 118ರ ಹತ್ತಿರ ಹೋಗಬೇಕು. ಹಿರಿಯರು ಬೆಲ್ಲವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡಿ ಹೇಳುವುದೂ ಇದೇ ಹದ. ಎರಡನ್ನೂ ತೋರಿಸಿ, ಥರ್ಮಾಮೀಟರ್ ಓದಲು ಬಿಟ್ಟರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಆದರೆ ಕುದಿಯುವ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಗಾಣದ ಬಾಯಿಗೆ ಸಿಕ್ಕ ಬೆರಳು ಉಳಿಯುವುದಿಲ್ಲ. ಎರಡರ ಸುತ್ತಲೂ ಹಗ್ಗ ಕಟ್ಟಿ. ಥರ್ಮಾಮೀಟರ್ ಅದ್ದುವುದು ದೊಡ್ಡವರೇ, ಓದುವುದಷ್ಟೇ ಮಕ್ಕಳು. ಕಬ್ಬು ಕೊಡುವ ಕೆಲಸ ಅತಿಥಿಯ ಕೈಗೆ ಬೇಡವೇ ಬೇಡ. ಕಬ್ಬನ್ನು ತೊಳೆದೇ ಗಾಣಕ್ಕೆ ಕೊಡಿ. ಕುಡಿಯುವ ಹಾಲಿಗೆ ಬೇರೆ ಪಾತ್ರೆ, ಬೇರೆ ಬಟ್ಟೆ.

ಅದೇ ಅಂಗಳದಲ್ಲಿ ತೊಡದೇವು ಮಾಡಿ ತೋರಿಸಬಹುದು. ಕವುಚಿಟ್ಟ ಮಣ್ಣಿನ ಗಡಿಗೆ, ಕೆಳಗೆ ಬೆಂಕಿ, ಅಕ್ಕಿ ಹಿಟ್ಟು ಮತ್ತು ಕಬ್ಬಿನ ಹಾಲಿನ ಸಂಪಳದಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ಎಳೆತ. ಕಾಗದದಂಥ ಸಿಹಿ ಕಣ್ಣೆದುರೇ ಏಳುತ್ತದೆ. ಇದನ್ನು ಚೆನ್ನಾಗಿ ಎಳೆಯುವ ಕೈಗಳು ಊರಲ್ಲಿ ಕಡಿಮೆಯಾಗುತ್ತಿವೆ. ಅಂಥವರನ್ನು ಕರೆಸಿದರೆ ಸಂಭಾವನೆ ಮೊದಲೇ ಮಾತಾಡಿಕೊಳ್ಳಿ; ‘ನಮ್ಮೂರ ಅತ್ತಿಗೆಯಲ್ಲವೇ’ ಎಂದು ಕವಳದ ಹರಿವಾಣ ಮುಂದಿಟ್ಟು ಕಳಿಸುವ ಕಾಲ ಹೋಯಿತು.

ಊಟದ ವಿಷಯದಲ್ಲಿ ನಮ್ಮವರಿಗೆ ಅಳುಕು ಜಾಸ್ತಿ. ಪೇಟೆಯವರಿಗೆ ಸೇರುತ್ತದೋ ಇಲ್ಲವೋ ಎಂದು ಪನೀರು, ಗೋಬಿ ತರಿಸುತ್ತಾರೆ. ಅದನ್ನು ಅವರು ಊರಲ್ಲೇ ತಿಂದು ಸಾಕಾಗಿ ಇಲ್ಲಿಗೆ ಬಂದಿರುತ್ತಾರೆ. ಒಂದೆಲಗದ ತಂಬುಳಿ, ಸೌತೆಕಾಯಿ ಹಸಿ, ಉಪ್ಪುಸೊಳೆಯ ಪಲ್ಯ, ಅಪ್ಪೆಹುಳಿ ಇಷ್ಟಿದ್ದರೆ ಧಾರಾಳ. ಬಾಳೆ ಎಲೆಯಲ್ಲಿ ತಂಬುಳಿ ಓಡುವುದರಿಂದ ಪಕ್ಕಕ್ಕೊಂದು ಬಟ್ಟಲಿಡಿ. ಇದನ್ನು ಅನ್ನಕ್ಕೆ ಕಲಸಬೇಕು, ಅಪ್ಪೆಹುಳಿಯನ್ನು ಕೊನೆಗೆ ಕುಡಿಯಲೂಬಹುದು ಎಂದು ಬಡಿಸುವವರು ಹೇಳಬೇಕು. ಮಳೆಗಾಲದಲ್ಲಿ ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಕಳಲೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ ಬೇಯಿಸಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಕೆಸುವಿಗೆ ಹುಳಿ ಕಡಿಮೆಯಾದರೆ ಗಂಟಲು ತುರಿಕೆ. ನಮಗೆ ಅದು ನಗುವ ವಿಷಯ, ಮೊದಲ ಸಲ ತಿಂದವರಿಗೆ ಆಸ್ಪತ್ರೆಯ ಯೋಚನೆ. ಕಾಡಿನ ಅಣಬೆಯನ್ನು ಅತಿಥಿಗೆ ಬಡಿಸಲೇಬೇಡಿ. ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಲು ಕೊಡುವುದು ಕುದಿಸಿ ಆರಿಸಿದ್ದನ್ನೇ. ಗೇರುಬೀಜ, ಶೇಂಗಾ, ಹಾಲು ಯಾರಿಗಾದರೂ ಆಗುವುದಿಲ್ಲವೇ ಎಂದು ಹಿಂದಿನ ದಿನವೇ ಕೇಳಿ.

ಈ ಭಾಗದಲ್ಲಿ ಮುಚ್ಚಿಡಬಾರದ ಇನ್ನೊಂದು ವಿಷಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ತೋಟ ತೋರಿಸಲು ಯೋಗ್ಯವಾದ ಕಾಲದಲ್ಲೇ. ಅತಿಥಿಗಳನ್ನು ದರಕು ಗುಡಿಸುವ ಬೆಟ್ಟಕ್ಕೆ, ಕಾಡಿನ ಹಾದಿಗೆ ಕರೆದೊಯ್ಯುವ ಆಸೆ ಬಿಡಿ. ತೋಟ, ಅಂಗಳ, ಆಲೆಮನೆಯಷ್ಟಕ್ಕೇ ನಿಲ್ಲಿಸಿ. ಆ ವರ್ಷ ನಿಮ್ಮ ಊರಲ್ಲಿ ಪ್ರಕರಣ ಇದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಇದೆ ಎಂದರೆ, ಇಲ್ಲವೇ ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ, ಬಂದ ಬುಕಿಂಗ್ ರದ್ದು ಮಾಡಿ, ಕಾರಣವನ್ನೂ ಹೇಳಿ.

ಕಾಗದಪತ್ರ ಹೆಚ್ಚಿಲ್ಲ. ಹಣ ಪಡೆದು ಊಟ ಹಾಕುವುದಾದರೆ, ಉಪ್ಪಿನಕಾಯಿ ಹಪ್ಪಳ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ಮುಂದೆ ರಾತ್ರಿ ಉಳಿಸಿಕೊಳ್ಳುವ ಮನಸ್ಸಾದರೆ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ಸಲ್ಲಿಸಬೇಕು.

ದರ ಹೇಗೆ ಕಟ್ಟುವುದು? ಅಕ್ಕಿ, ತರಕಾರಿ, ಗ್ಯಾಸಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಬಿಟ್ಟುಹೋಗುವುದು ಮನೆಯ ಹೆಂಗಸರ ದುಡಿಮೆ. ಎಂಟು ಮಂದಿಯ ಊಟಕ್ಕೆ ಇಬ್ಬರು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ನಿಂತರೆ ಅದು 18 ಗಂಟೆಯ ಕೂಲಿ. ಅದನ್ನು ಎಂಟು ಎಲೆಗೆ ಹಂಚಿ ದರಕ್ಕೆ ಸೇರಿಸಿ. ಆ ಹಣ ನೇರವಾಗಿ ಅವರ ಖಾತೆಗೇ ಹೋಗಲಿ. ಯಜಮಾನರು ಜಗಲಿಯಲ್ಲಿ ಮಾತಾಡಿದ್ದಕ್ಕೆ ಹೊಗಳಿಕೆ, ಒಳಗಿನವರಿಗೆ ಬರೀ ಪಾತ್ರೆ ಎಂದಾದರೆ ಎರಡನೇ ವರ್ಷ ಈ ಕೆಲಸ ನಡೆಯುವುದಿಲ್ಲ.

ಹೊರಡುವಾಗ ಅತಿಥಿ ಕೊಳ್ಳುವುದು ಚಿಕ್ಕ ಪೊಟ್ಟಣಗಳನ್ನು. ಅರ್ಧ ಲೀಟರ್ ಜೋನಿಬೆಲ್ಲ, 100 ಗ್ರಾಂ ಕಾಳುಮೆಣಸು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬೇಸಿಗೆಯಲ್ಲಿ ಮುರುಗಲಿನ ಶರಬತ್ತು. ಜೋನಿಬೆಲ್ಲಕ್ಕೆ ಬಿಗಿ ಮುಚ್ಚಳದ ಬಾಟಲಿಯೇ ಆಗಬೇಕು, ಬಸ್ಸಿನಲ್ಲಿ ಒಡೆದರೆ ಇಡೀ ಚೀಲ ಹಾಳು. ಪ್ರತಿ ಪೊಟ್ಟಣದ ಮೇಲೆ ತೂಕ, ತಯಾರಿಸಿದ ದಿನ, ಬೆಲೆ, ನೋಂದಣಿ ಸಂಖ್ಯೆ, ನಿಮ್ಮ ಫೋನ್ ನಂಬರ್ ಇರಲಿ. ಅಪ್ಪೆಮಿಡಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ ನಿಜ. ಆದರೆ ಆ ಗುರುತನ್ನು ಲೇಬಲ್ ಮೇಲೆ ಹಾಕುವ ಮೊದಲು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಅಲ್ಲಿಯವರೆಗೆ ಊರಿನ ಹೆಸರು, ತೋಟದ ಹೆಸರು ಬರೆದರೆ ಸಾಕು.