ಫೋಟೋ ನೋಡಿ ‘ನಮ್ಮವರಲ್ಲ’ ಅಂದರು

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾದ ಮೇಲೆ ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿದ್ದೇನೆ. ಗಂಡ ಆಫ್ರಿಕನ್ ಅಮೆರಿಕನ್. ಅತ್ತೆ ನಿವೃತ್ತ ಶಾಲಾ ಶಿಕ್ಷಕಿ, ತುಂಬ ಒಳ್ಳೆಯವರು. ನನ್ನ ಬಾಣಂತನ ಮಾಡಿದ್ದೇ ಅವರು. ಆ ಮನೆತನದವರೆಲ್ಲ ತಿಳಿಬಣ್ಣದವರು. “ನಮ್ಮ ಹಿರಿಯರು ಯಾರಿಗೂ ಗುಲಾಮರಾಗಿರಲಿಲ್ಲ” ಅನ್ನುವುದು ಅವರ ಮನೆಯಲ್ಲಿ ತಲೆಮಾರುಗಳಿಂದ ಬಂದ ಮಾತು. ಹೋದ ವರ್ಷ ಗಂಡ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಅಲಬಾಮದ ಒಂದು ಕುಟುಂಬದ ಜೊತೆ ರಕ್ತಸಂಬಂಧ ಕಂಡುಬಂತು. ಆ ಕುಟುಂಬದವರೇ ಪತ್ರ ಬರೆದು, ಫ್ರೀಡ್‌ಮನ್ಸ್ ಬ್ಯಾಂಕಿನ 1870ರ ಒಂದು ಪುಟದ ನಕಲು ಕಳಿಸಿದ್ದಾರೆ. ತನ್ನ ಮೊದಲ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಒಡೆಯ ಅಲಬಾಮಕ್ಕೆ ಮಾರಿಬಿಟ್ಟ ಎಂದು ಅತ್ತೆಯ ಮುತ್ತಜ್ಜ ಅದರಲ್ಲಿ ಬರೆಸಿದ್ದಾರೆ. ಇವರು ಆ ಮಕ್ಕಳ ವಂಶದವರಂತೆ. ಜುಲೈನಲ್ಲಿ ನಡೆಯುವ ನಮ್ಮ ಕುಟುಂಬದ ರೀಯೂನಿಯನ್‌ಗೆ ಬರಬಹುದೇ ಎಂದು ಕೇಳಿದ್ದಾರೆ. ಅವರ ಫೋಟೋ ನೋಡಿ ಅತ್ತೆ, “ಇಷ್ಟು ಕಪ್ಪಗಿದ್ದಾರೆ, ಹಳ್ಳಿಗಾಡಿನವರು, ನಮ್ಮವರಲ್ಲ” ಅಂದು ಎದ್ದು ಹೋದರು. ಗಂಡ ತುಟಿ ಬಿಚ್ಚುತ್ತಿಲ್ಲ. ಇದೆಲ್ಲ ನಮ್ಮ ಜಾತಿಯ ಥರವೇ ಅಲ್ಲವೇ? ಸೊಸೆಯಾಗಿ ಬಂದ ನಾನು ಬಾಯಿ ಹಾಕಬಹುದೇ? ನಮ್ಮ ಮಗಳಿಗೆ ಎರಡು ವರ್ಷ. ಇತ್ತ ನನ್ನ ತಾಯಿ ವಿಡಿಯೊ ಕಾಲ್ ಮಾಡಿದಾಗಲೆಲ್ಲ ಮಗಳ ಬಣ್ಣ ನೋಡಿ, “ಬಸುರಿನಲ್ಲಿ ಕೇಸರಿ ಹಾಲು ಕುಡಿ ಅಂದ್ರೆ ಕೇಳಲಿಲ್ಲ ನೀನು” ಅನ್ನುತ್ತಾರೆ.

— ಹೆಸರು ಬೇಡ, ಚಾರ್ಲ್ಸ್‌ಟನ್

ಉತ್ತರ: ಬಾಯಿ ಹಾಕಬಹುದು. ಆದರೆ ಅದಕ್ಕೆ ಮೊದಲು ಆ ಬ್ಯಾಂಕಿನ ಪುಟವನ್ನು ನೀವೂ ನಿಮ್ಮ ಗಂಡನೂ ಜೊತೆಯಲ್ಲಿ ಕೂತು ನಿಧಾನವಾಗಿ ಓದಿ.

ಬಿಡುಗಡೆಯಾದ ಗುಲಾಮರ ಉಳಿತಾಯಕ್ಕೆಂದು 1865ರಲ್ಲಿ ಶುರುವಾದ ಬ್ಯಾಂಕು ಅದು. 1874ರಲ್ಲಿ ಮುಳುಗಿತು, ಜೊತೆಗೆ ಎಷ್ಟೋ ಬಡವರ ದುಡ್ಡನ್ನೂ ಮುಳುಗಿಸಿತು. ಆದರೆ ಅದರ ರಿಜಿಸ್ಟರುಗಳು ಉಳಿದುಕೊಂಡವು. ಖಾತೆ ತೆರೆಯಲು ಬಂದವರಲ್ಲಿ ಬಹಳ ಜನಕ್ಕೆ ಸಹಿ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಗುರುತಿಗೆಂದು ಗುಮಾಸ್ತ ಅವರ ಸಂಸಾರದ ವಿವರವನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದ: ಹುಟ್ಟಿದ ಊರು, ಹಳೆಯ ಒಡೆಯ, ಮೈಬಣ್ಣ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಒಡಹುಟ್ಟಿದವರು. ಸತ್ತವರೆಷ್ಟು, ಮಾರಿಹೋದವರೆಷ್ಟು ಎಂಬುದೂ ಎಷ್ಟೋ ಪುಟಗಳಲ್ಲಿದೆ. ನಿಮ್ಮ ಅತ್ತೆಯವರ ಮುತ್ತಜ್ಜ ಆ ಗುಮಾಸ್ತನ ಮುಂದೆ ನಿಂತಾಗ ಹಳೆಯದನ್ನು ನುಂಗಿಕೊಂಡು, ಈಗಿನ ಹೆಂಡತಿಯ ಹೆಸರಷ್ಟೇ ಹೇಳಿ ಬರಬಹುದಿತ್ತು. ಯಾರೂ ಕೆದಕಿ ಕೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನನಗೆ ಈ ಇಡೀ ವ್ಯಾಜ್ಯದಲ್ಲಿ ದೊಡ್ಡ ಸಾಕ್ಷಿ ಅನ್ನಿಸುವುದು ಇದೇ, ಡಿಎನ್‌ಎ ಅಲ್ಲ. ಡಿಎನ್‌ಎ ಸಂಬಂಧವಿದೆ ಎಂದು ಹೇಳೀತು, ಯಾವ ಹಿರಿಯನ ಕಡೆಯಿಂದ ಎಂದು ಅದೊಂದರಿಂದಲೇ ಹೇಳಲಾಗದು. ಆದ್ದರಿಂದ ಅಲಬಾಮದವರ ಕಡೆಯ ದಾಖಲೆಗಳನ್ನೂ ಒಮ್ಮೆ ಹೊಂದಿಸಿ ನೋಡಿ.

ಇಬ್ಬರು ಹೆಂಡಿರು ಎಂಬ ಮುಜುಗರ ನಿಮ್ಮ ಗಂಡನಿಗೆ ಇದ್ದರೆ ಅದನ್ನು ಬಿಡಲು ಹೇಳಿ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. 1790ರಿಂದ 1860ರ ನಡುವೆ ಹಳೆಯ ರಾಜ್ಯಗಳಿಂದ ಅಲಬಾಮ, ಮಿಸಿಸಿಪ್ಪಿ, ಲೂಸಿಯಾನದಂಥ ಹತ್ತಿಯ ಸೀಮೆಗೆ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ. ಬದುಕಿದ್ದಾರೋ ಇಲ್ಲವೋ ಗೊತ್ತಾಗದೆ ಎಷ್ಟೋ ಜನ ಮತ್ತೊಂದು ಸಂಸಾರ ಕಟ್ಟಿಕೊಂಡರು. ಅಮೆರಿಕದ ಅಂತರ್ಯುದ್ಧ ಮುಗಿದದ್ದೇ ತಡ, ಸೌತ್ ಕೆರೊಲಿನಾ ಸರ್ಕಾರ 1865ರಲ್ಲಿ ಕಾನೂನು ಮಾಡಿತು: ಇಬ್ಬರು ಹೆಂಡಿರಿರುವವನು ಬರುವ ಏಪ್ರಿಲ್ 1ರೊಳಗೆ ಒಬ್ಬಳನ್ನು ಆರಿಸಿಕೊಳ್ಳಬೇಕು. ಸಂಸಾರ ಒಡೆದವರೇ ಸದಾಚಾರದ ಗಡುವು ಕೊಟ್ಟರು, ನೋಡಿ.

ಇನ್ನು ನಿಮ್ಮ ಅತ್ತೆ. ಅವರನ್ನು ಬರೀ ಬಣ್ಣದ ಹಮ್ಮಿನವರು ಎಂದು ತೀರ್ಮಾನಿಸುವ ಮೊದಲು ಅವರ ಊರನ್ನು ನೆನೆಯಿರಿ. 1790ರಲ್ಲಿ ಚಾರ್ಲ್ಸ್‌ಟನ್‌ನ ಸ್ವತಂತ್ರ ಕಂದುಬಣ್ಣದ ಗಂಡಸರು ಬ್ರೌನ್ ಫೆಲೋಶಿಪ್ ಸೊಸೈಟಿ ಎಂಬ ಸಂಘ ಕಟ್ಟಿದರು. ಐವತ್ತೇ ಸದಸ್ಯರು, ದುಬಾರಿ ಪ್ರವೇಶಧನ, ತಮ್ಮದೇ ಸ್ಮಶಾನ. ವಿಧವೆಯರಿಗೆ, ಅನಾಥರಿಗೆ ನೆರವು ಕೊಡುತ್ತಿದ್ದ ಸಂಘ ಹೌದು, ಆದರೆ ಕಪ್ಪುಬಣ್ಣದವರಿಗೆ ಅಲ್ಲಿ ಜಾಗವಿರಲಿಲ್ಲ. ಹೊರಗುಳಿದವರು 1843ರಲ್ಲಿ ತಮ್ಮದೇ ಸಂಘ ಮಾಡಿಕೊಂಡರು. ಕಂದುಬಣ್ಣದ ಸ್ವತಂತ್ರರಲ್ಲಿ ಕೆಲವರು ತಾವೇ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರಲ್ಲೂ ದುಡಿಸಿಕೊಳ್ಳಲು ಕೊಂಡವರಿದ್ದರು, ಸ್ವಂತ ಹೆಂಡತಿ ಮಕ್ಕಳನ್ನು ಬಿಡಿಸಿಕೊಳ್ಳಲು ಕೊಂಡವರೂ ಇದ್ದರು. ಏಕೆಂದರೆ 1820ರ ನಂತರ ಶಾಸನಸಭೆಯ ಒಪ್ಪಿಗೆಯಿಲ್ಲದೆ ಆ ರಾಜ್ಯದಲ್ಲಿ ಯಾರನ್ನೂ ಬಿಡುಗಡೆ ಮಾಡುವಂತಿರಲಿಲ್ಲ. ಕಾಗದದ ಮೇಲೆ ಗಂಡನೇ ಹೆಂಡತಿಯ ಒಡೆಯ!

ಈ ‘ಮೇಲ್ದರ್ಜೆ’ಯಾದರೂ ಎಷ್ಟು ಗಟ್ಟಿ? 1860ರಲ್ಲಿ ಪೊಲೀಸರು ಮನೆಮನೆಗೆ ನುಗ್ಗಿ, ಸ್ವತಂತ್ರರೆಂಬುದಕ್ಕೆ ದಾಖಲೆ ತೋರಿಸಿ ಎಂದರು. ನೂರಾರು ಜನ ಊರು ಬಿಟ್ಟು ಉತ್ತರಕ್ಕೆ ಹೋದರು. ಅಂಥ ಊರಿನಲ್ಲಿ “ನಾವು ಗುಲಾಮರಲ್ಲ” ಎಂಬ ಮಾತು ಜಂಬದ ಮಾತಾಗುವ ಮೊದಲು ಜೀವ ಉಳಿಸುವ ಮಾತಾಗಿತ್ತು. ಆ ಭಯ ಮುಂದಿನ ತಲೆಮಾರಿಗೆ ಮನೆತನದ ಹೆಮ್ಮೆಯಾಗಿ ದಾಟಿತು. ಅಲಬಾಮದ ಪತ್ರ ಅತ್ತೆಯವರ ಕೈಯಿಂದ ಕಿತ್ತುಕೊಳ್ಳುತ್ತಿರುವುದು ಅದನ್ನೇ. ಮುತ್ತಜ್ಜ ಗುಲಾಮರಾಗಿದ್ದರು ಎಂದು ಈ ವಯಸ್ಸಿನಲ್ಲಿ ತಿಳಿಯುವುದು ಸಣ್ಣ ಪೆಟ್ಟಲ್ಲ.

ಹಾಗೆಂದು ಅವರಾಡಿದ ಮಾತನ್ನು ನಾನು ಒಪ್ಪುತ್ತಿಲ್ಲ. 1850 ಮತ್ತು 1860ರ ಗುಲಾಮರ ಗಣತಿಯ ಪಟ್ಟಿಗಳನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ಒಡೆಯನ ಹೆಸರಿದೆ. ಅವನ ಕೆಳಗಿರುವವರ ವಯಸ್ಸಿದೆ, ಗಂಡೋ ಹೆಣ್ಣೋ ಎಂದಿದೆ, ಬಣ್ಣಕ್ಕೆಂದೇ ಒಂದು ಕಾಲಂ ಇದೆ. ಅವರ ಹೆಸರಿಗೆ ಮಾತ್ರ ಕಾಲಂ ಇಲ್ಲ. ಫೋಟೋ ನೋಡಿ ‘ನಮ್ಮವರಲ್ಲ’ ಅಂದಾಗ ಅತ್ತೆ ಮಾಡಿದ್ದೂ ಅದನ್ನೇ: ಹೆಸರು ಕೇಳದೆ ಬಣ್ಣ ಬರೆದುಕೊಂಡರು. ಮತ್ತೆ, ಆ ತಿಳಿಬಣ್ಣ ಎಷ್ಟೋ ಮನೆಗಳಿಗೆ ಬಂದದ್ದು ಹೇಗೆ? ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬ ಕಾನೂನಿತ್ತು, ಅಪ್ಪ ಒಡೆಯನೇ ಆಗಿದ್ದರೂ ಸರಿಯೇ. ಬೇಡವೆನ್ನುವ ಹಕ್ಕಿಲ್ಲದ ಹೆಂಗಸರ ಮೇಲೆ ನಡೆದದ್ದಕ್ಕೆ ಆ ಬಣ್ಣವೇ ಸಾಕ್ಷಿ. ಆದರೆ ಇವೆರಡನ್ನೂ ನೀವು ಅತ್ತೆಯ ಮುಖಕ್ಕೆ ಹೇಳಬೇಡಿ. ಇದು ನಿಮ್ಮ ತಿಳಿವಳಿಕೆಗೆ. ಆ ನೋವು ಅವರ ಮನೆಯದು, ಹೊರಗಿನಿಂದ ಬಂದ ಸೊಸೆ ಅದನ್ನು ಪಾಠ ಮಾಡಿದರೆ ಬಾಗಿಲು ಇನ್ನಷ್ಟು ಬಿಗಿಯಾದೀತು.

ಮಾತಾಡಬೇಕಾದವರು ನಿಮ್ಮ ಗಂಡ. ಅಮ್ಮನೊಬ್ಬರೇ ಇರುವಾಗ ಆ ಪುಟವನ್ನು ಮುಂದಿಟ್ಟು, “ಮುತ್ತಜ್ಜ ಇವರ ಹೆಸರು ಬರೆಸಿದ್ದಾರೆ, ಓದೋಣವಾ?” ಎಂದಷ್ಟೇ ಕೇಳಲಿ. ಮುತ್ತಜ್ಜಿಯ ಕಡೆಯವರು ಯುದ್ಧಕ್ಕೆ ಮುಂಚೆಯೇ ಸ್ವತಂತ್ರರಾಗಿದ್ದಿರಬಹುದು. ಹಾಗಿದ್ದರೆ ಮನೆಯ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ಹೇಳಿದ ಮಾತು. ಅವರಿಗೆ ಉಳಿಯುವ ಆ ಅರ್ಧವನ್ನೂ ಕಸಿಯಬೇಡಿ. ಅವರು ಶಿಕ್ಷಕಿಯಾಗಿದ್ದರು ಎಂದಿರಿ. ಚಾರ್ಲ್ಸ್ ಚೆಸ್ನಟ್ 1898ರಲ್ಲಿ ಬರೆದ ‘ದ ವೈಫ್ ಆಫ್ ಹಿಸ್ ಯೂತ್’ ಕಥೆ ಓದಿದ್ದರೂ ಓದಿರಬಹುದು. ತಿಳಿಬಣ್ಣದ ಪ್ರತಿಷ್ಠಿತರ ನಡುವೆ ಮೇಲೆ ಬಂದವನೊಬ್ಬನ ಮನೆಗೆ, ಗುಲಾಮಗಿರಿಯ ಕಾಲದಲ್ಲಿ ಅಗಲಿದ ಗಂಡನನ್ನು ಇಪ್ಪತ್ತೈದು ವರ್ಷ ಹುಡುಕಿದ ಕಪ್ಪು ಮುದುಕಿ ಬರುವ ಕಥೆ. ಓದಿರದಿದ್ದರೆ ನೀವು ಪುಸ್ತಕ ಉಡುಗೊರೆ ಕೊಡಲು ಹೋಗಬೇಡಿ. ಯಾವ ಅತ್ತೆಗೂ ಆ ಉಡುಗೊರೆ ಹಿಡಿಸದು.

ಜುಲೈನ ರೀಯೂನಿಯನ್‌ಗೆ ಅವರನ್ನು ಹೇಳದೆ ಕೇಳದೆ ಕರೆಸುವುದು ಬೇಡ. ನೂರು ಜನರ ಎದುರು ಅತ್ತೆ ಮುಖ ತಿರುಗಿಸಿದರೆ, ಅಷ್ಟು ದೂರದಿಂದ ಬಂದವರಿಗೆ ಎರಡನೇ ಸಲ ಹೊರಗೆ ಹಾಕಿದಂತಾಗುತ್ತದೆ. ಮೊದಲ ಭೇಟಿ ಚಿಕ್ಕದಾಗಿರಲಿ. ನಿಮ್ಮೂರಿನಲ್ಲೇ 2023ರಲ್ಲಿ ತೆರೆದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಇದೆ, ಅಲ್ಲೇ ವಂಶಾವಳಿ ಹುಡುಕುವ ಕೇಂದ್ರವೂ ಇದೆ. ಯಾರ ಮನೆಯೂ ಅಲ್ಲದ ಅಂಥ ಜಾಗ ಒಳ್ಳೆಯದು. ಅತ್ತೆ ಬರುವುದಿಲ್ಲ ಎಂದರೆ ನೀವಿಬ್ಬರೂ ಮಗಳನ್ನು ಕರೆದುಕೊಂಡು ಹೋಗಿ. ಅತ್ತೆಯ ಪರವಾಗಿ ಯಾರನ್ನೂ ಒಪ್ಪಿಕೊಳ್ಳುವ ಹಕ್ಕು ನಿಮಗಿಲ್ಲ, ಮಗಳ ಪರವಾಗಿ ಇದೆ.

ಜಾತಿಯ ಥರವೇ ಅಲ್ಲವೇ ಎಂದು ಕೇಳಿದ್ದೀರಿ. ಮೇಲು ಕೀಳಿನ ಮೆಟ್ಟಿಲು, ಬಣ್ಣ ನೋಡಿ ಅಳೆಯುವ ಕಣ್ಣು, ಇವು ನಮಗೆ ಹೊಸದಲ್ಲ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲಲಿ. ಹೆತ್ತ ಮಗುವನ್ನು ಸಾಲಕ್ಕೆ ಮಾರಿಬಿಡುವ ಸಂತೆಯ ಕಥೆಯನ್ನು ‘ನಮ್ಮಲ್ಲೂ ಹೀಗೇ’ ಎಂದು ಮುಗಿಸಿಬಿಟ್ಟರೆ ಕೇಳುವುದಕ್ಕೆ ಇನ್ನೂ ಇರುವುದು ಕೇಳಿಸದೆ ಹೋಗುತ್ತದೆ. ನಿಮ್ಮ ತಾಯಿಯ ವಿಷಯ ಮಾತ್ರ ನೇರ ನಿಮ್ಮದೇ. ಕೇಸರಿ ಹಾಲಿಗೂ ಮಗುವಿನ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. “ಅಮ್ಮಾ, ಮಗು ಎದುರಿಗೆ ಬಣ್ಣದ ಮಾತು ಬೇಡ” ಎಂದು ಮುಂದಿನ ಕಾಲ್‌ನಲ್ಲೇ ಹೇಳಿ. ಅತ್ತೆಯ ಮನೆಯಲ್ಲಿ ಬಾಯಿ ತೆರೆಯುವ ಮೊದಲು ಈ ಕೆಲಸ ಆಗಬೇಕು.

ಕೊನೆಯದಾಗಿ, ಅಲಬಾಮದವರಿಗೆ ಈ ವಾರವೇ ಉತ್ತರ ಬರೆಯಿರಿ. ಯುದ್ಧ ಮುಗಿದು ದಶಕಗಳಾದ ಮೇಲೂ ಅಮೆರಿಕದ ಕಪ್ಪುಜನ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿ ತಾಯಿಯನ್ನು, ಗಂಡನನ್ನು, ಮಕ್ಕಳನ್ನು ಹುಡುಕುತ್ತಿದ್ದರು. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ನಲ್ಲಿ ಬಂದ ಅಂಥ ಪತ್ರಗಳನ್ನು ಪಾದ್ರಿಗಳು ಚರ್ಚಿನಲ್ಲಿ ಗಟ್ಟಿಯಾಗಿ ಓದಬೇಕಿತ್ತು. ಹೆಚ್ಚಿನವರಿಗೆ ಉತ್ತರ ಬಂದಂತಿಲ್ಲ. ನಿಮಗೆ ಬರೆದವರಿಗೆ ಆಸ್ತಿಯಲ್ಲಿ ಪಾಲು ಬೇಕಿಲ್ಲ. ಪತ್ರ ತಲುಪಿತು, ಓದಿದೆವು ಎಂಬ ಮಾತು ಬೇಕು. ಪತ್ರಕ್ಕೆ ಗಂಡನೇ ಸಹಿ ಹಾಕಲಿ. ಜುಲೈ ಬಗ್ಗೆ ಈಗಲೇ ಮಾತು ಕೊಡಬೇಡಿ. ಅಮ್ಮನಿಗೆ ಸ್ವಲ್ಪ ಸಮಯ ಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಮೊದಲ ಹೆಂಡತಿಯ ಬಗ್ಗೆ ಅವರ ಮನೆಯಲ್ಲಿ ಉಳಿದಿರುವ ಮಾತುಗಳೇನು ಎಂದು ಕೇಳಿ.